"ಯಾರ ಕೈಲಾದ್ರೂ ಹೇಳಿಸ್ಬೇಕಾ ಅಣ್ಣಾ?": ಸಾಫ್ಟ್‌ವೇರ್ ಸಮ್ಮೇಳನದ ವೇದಿಕೆ ಎಲ್ಲರಿಗೂ ತೆರೆದ ಕಥೆ

ಕಳೆದ ವರ್ಷ ಮುಂಗಾರು ಶುರುವಾಗೋ ಹೊತ್ತಿಗೆ ಪಕ್ಕದ ಬೀದಿಯ ಹುಡುಗಿಯೊಬ್ಬಳು ನಮ್ಮ ಮನೆಗೆ ಬಂದಳು. ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಮುಗಿಸಿದ್ದಾಳೆ. ಅವರ ಮನೇಲಿ ಎರಡು ಹಸು. ಅಮ್ಮ ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕ್ತಾರೆ. ಲೀಟರ್ ಎಷ್ಟು, ಫ್ಯಾಟ್ ಎಷ್ಟು, ಎಸ್ಎನ್ಎಫ್ ಎಷ್ಟು, ದರ ಎಷ್ಟು ಅಂತ ಡೇರಿಯಲ್ಲಿ ಒಂದು ಚೀಟಿ ಕೊಡ್ತಾರೆ. ಆ ಚೀಟಿಗಳೆಲ್ಲ ಒಂದು ಬಿಸ್ಕತ್ತಿನ ಡಬ್ಬಿ ಸೇರ್ತವೆ. ಬಟವಾಡೆ ದಿನ ಅಮ್ಮ ಬಾಯಲ್ಲೇ ಕೂಡಿಸಿಕೊಂಡು, ಸರಿಯಾಯ್ತೋ ಇಲ್ಲವೋ ಅಂತ ಅನುಮಾನದಲ್ಲೇ ದುಡ್ಡು ತರ್ತಾರೆ.

ಈ ಹುಡುಗಿ ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದಳು. ಚೀಟಿಯ ಅಂಕಿ ಹಾಕಿದರೆ ವಾರದ ಲೆಕ್ಕ ಕನ್ನಡದಲ್ಲಿ ಬರುತ್ತೆ. ಯಾವ ದಿನ ಫ್ಯಾಟ್ ಇಳಿದಿದೆ ಅನ್ನೋದನ್ನೂ ತೋರಿಸುತ್ತೆ. ಅದನ್ನು ನೋಡಿ ಅವರಮ್ಮ ಹಸುವಿನ ಹಿಂಡಿ ಬದಲಾಯಿಸಿದ್ದರಂತೆ.

ಅವಳು ಫೋನ್ ತೋರಿಸಿದಳು. ಬೆಂಗಳೂರಲ್ಲಿ ಒಂದು ಸಾಫ್ಟ್‌ವೇರ್ ಸಮ್ಮೇಳನ. 'ಮಾತನಾಡಲು ಬಯಸುವವರು ಪ್ರಸ್ತಾವ ಕಳಿಸಿ' ಅಂತ ಇಂಗ್ಲಿಷ್‌ನಲ್ಲಿ ಬರೆದಿತ್ತು. ಕೆಳಗೆ ಕೊನೆಯ ದಿನಾಂಕ.

"ಅಣ್ಣಾ, ನೀವು ಪೇಪರ್‌ನೋರು. ಇದಕ್ಕೆ ಯಾರ ಕೈಲಾದ್ರೂ ಹೇಳಿಸ್ಬೇಕಾ?" ಅಂದಳು.

ನಗು ಬರಲಿಲ್ಲ ನನಗೆ. ಅವಳು ಕೇಳಿದ್ದು ಸರಿಯಾದ ಪ್ರಶ್ನೆಯೇ. ನಮ್ಮ ಕಡೆ ಯಾವ ವೇದಿಕೆ ಹತ್ತಬೇಕಾದರೂ ಯಾರಾದರೂ ಹೇಳಬೇಕು. ಡಿಪ್ಲೊಮಾ ಓದುವಾಗ ನಾನೂ ಒಂದು ಕವಿಗೋಷ್ಠಿಗೆ ಹೆಸರು ಕೊಟ್ಟಿದ್ದೆ. ಪದ್ಯ ಕೊಡಿ ಅಂತ ಯಾರೂ ಕೇಳಲಿಲ್ಲ. "ಯಾರ ಕಡೆಯೋನಪ್ಪಾ ನೀನು?" ಅಂತ ಕೇಳಿದರು. ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರು ಬರಲಿಲ್ಲ.

"ಬೇಕಾಗಿಲ್ಲಮ್ಮಾ, ನೀನೇ ಕಳಿಸ್ಬಹುದು" ಅಂದೆ. ಹೇಳಿದ ಮೇಲೆ ನನಗೇ ಕುತೂಹಲ ಹತ್ತಿತು. ಯಾರ ಶಿಫಾರಸೂ ಇಲ್ಲದೆ ಯಾರು ಬೇಕಾದರೂ ಅರ್ಜಿ ಹಾಕಬಹುದು ಅನ್ನೋ ಪದ್ಧತಿ ಈ ಸಾಫ್ಟ್‌ವೇರ್‌ನವರಲ್ಲಿ ಹೇಗೆ ಬಂತು? ಓದುತ್ತಾ ಹೋದೆ. ಆ ಕಥೆಯನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಅರ್ಜಿಯೇ ಇರಲಿಲ್ಲ

ಕಂಪ್ಯೂಟರ್ ಬಳಸುವವರು ಒಂದು ಕಡೆ ಸೇರಿ ಮಾತಾಡಿಕೊಳ್ಳೋದು ಹಳೇ ರೂಢಿ. 1955ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಕಡೆಯ ಕೆಲವು ಕಂಪನಿಗಳವರು ಸೇರಿ 'ಶೇರ್' ಅನ್ನೋ ಸಂಘ ಕಟ್ಟಿದರು. ಅವರೆಲ್ಲ ಐಬಿಎಂನ ದೊಡ್ಡ ಕಂಪ್ಯೂಟರ್ ತರಿಸಿಕೊಂಡವರು. ಎಲ್ಲರೂ ಒಂದೇ ಥರದ ಪ್ರೋಗ್ರಾಮನ್ನು ತಮ್ಮ ತಮ್ಮಲ್ಲೇ ಬೇರೆ ಬೇರೆ ಬರೆಯುತ್ತಿದ್ದರು. ಇದು ದಂಡ, ಬರೆದದ್ದನ್ನು ಹಂಚಿಕೊಳ್ಳೋಣ ಅಂದರು. ಸಂಘದ ಹೆಸರಿನ ಅರ್ಥವೂ ಅದೇ, ಹಂಚಿಕೋ ಅಂತ. ಊರಲ್ಲಿ ಮುಯ್ಯಾಳು ಮಾಡ್ತೀವಲ್ಲ, ಹೆಚ್ಚು ಕಡಿಮೆ ಹಾಗೆ.

ಆಮೇಲೆ ಯೂನಿಕ್ಸ್ ಬಂತು. ಇದು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ್ದು. ಇವತ್ತು ನಿಮ್ಮ ಕೈಲಿರೋ ಆಂಡ್ರಾಯ್ಡ್ ಫೋನಿನೊಳಗೆ ಲಿನಕ್ಸ್ ಇದೆ, ಆ ಲಿನಕ್ಸ್‌ಗೆ ಮಾದರಿಯಾಗಿದ್ದು ಯೂನಿಕ್ಸ್. ಆಗ ಬೆಲ್ ಲ್ಯಾಬ್ಸ್‌ನ ಒಡೆಯ ಎಟಿ ಅಂಡ್ ಟಿ, ಅದು ಟೆಲಿಫೋನ್ ಕಂಪನಿ. 1956ರಲ್ಲಿ ಸರ್ಕಾರದ ಜೊತೆ ಆಗಿದ್ದ ಒಪ್ಪಂದದಿಂದಾಗಿ ಅದು ಕಂಪ್ಯೂಟರ್ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ. ಹಾಗಾಗಿ ಯೂನಿಕ್ಸನ್ನು ಕಾಲೇಜುಗಳಿಗೆ ಕೊಟ್ಟಿತು, ಆದರೆ ಕೆಟ್ಟರೆ ರಿಪೇರಿಗೆ ಯಾರೂ ಬರ್ತಿರಲಿಲ್ಲ. ಬಳಸುವವರೇ ಒಬ್ಬರಿಗೊಬ್ಬರು ಆಗಬೇಕಾಯಿತು.

1974ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಯೂನಿಕ್ಸ್ ಬಳಸುವವರ ಮೊದಲ ಸಭೆ ಆಯಿತು. ಬಂದವರು ಇಪ್ಪತ್ತು ಇಪ್ಪತ್ತೈದು ಮಂದಿ. ಅಷ್ಟು ಜನಕ್ಕೆ ಅರ್ಜಿ ಯಾಕೆ, ಆಯ್ಕೆ ಸಮಿತಿ ಯಾಕೆ? ಗೊತ್ತಿದ್ದವರು ಹೇಳ್ತಾರೆ, ಉಳಿದವರು ಕೇಳ್ತಾರೆ. ಈ ಕೂಟವೇ ಬೆಳೆದು ಯೂಸ್‌ನಿಕ್ಸ್ ಅನ್ನೋ ದೊಡ್ಡ ಸಂಘವಾಯಿತು.

ಇಪ್ಪತ್ತು ವರ್ಷ ಕಳೆದ ಮೇಲೂ ಅದೇ ಚಿತ್ರ. 1994ರ ನವೆಂಬರ್‌ನಲ್ಲಿ ಅಮೆರಿಕದ ಮೇರಿಲ್ಯಾಂಡ್‌ನ ಒಂದು ಸರ್ಕಾರಿ ಸಂಸ್ಥೆಯಲ್ಲಿ ಪೈಥಾನ್ ಭಾಷೆಯವರ ಮೊದಲ ಕಾರ್ಯಾಗಾರ ನಡೆಯಿತು. ಆ ಭಾಷೆ ರೂಪಿಸಿದ ಗೈಡೋ ವಾನ್ ರೋಸಮ್ ನೆದರ್ಲೆಂಡ್ಸ್‌ನವರು. ಅವರೂ ಬಂದಿದ್ದರು. ಒಟ್ಟು ಸೇರಿದ್ದು ಸುಮಾರು 20 ಜನ. ನಮ್ಮೂರ ಸ್ತ್ರೀಶಕ್ತಿ ಸಂಘದ ಸಭೆಯಷ್ಟೇ.

ತೊಂದರೆ ಶುರುವಾಗೋದು ಜನ ಜಾಸ್ತಿ ಆದ ಮೇಲೆ. ಹೇಳುವವರು ನೂರು, ಇರೋ ಜಾಗ ಮೂವತ್ತು ಅಂದಾಗ ಯಾರು ಹೇಳಬೇಕು ಅಂತ ಯಾರು ತೀರ್ಮಾನ ಮಾಡೋದು?

ಎರಡು ದಾರಿ

ಆಗ ಅವರ ಮುಂದೆ ಎರಡು ದಾರಿ ಇತ್ತು.

ಒಂದು ವಿಶ್ವವಿದ್ಯಾಲಯದ ದಾರಿ. ಸಂಶೋಧನಾ ಪ್ರಬಂಧ ಬರೆದು ಕಳಿಸು, ಬಲ್ಲವರು ಓದಿ ತೀರ್ಮಾನಿಸ್ತಾರೆ. ಇದರಲ್ಲಿ ಶಿಫಾರಸು ನಡೆಯೋದು ಕಡಿಮೆ. ಆದರೆ ಪ್ರಬಂಧ ಬರೆಯೋ ವಿದ್ಯೆ ಎಲ್ಲರಿಗೂ ಇರಲ್ಲ. ದಿನವಿಡೀ ಕೆಲಸ ಮಾಡಿ ರಾತ್ರಿ ಪ್ರೋಗ್ರಾಂ ಬರೆಯೋನಿಗೆ ಹತ್ತು ಪುಟದ ಪ್ರಬಂಧ ಬರೆ ಅಂದರೆ ಅವನು ಆ ಕಡೆ ತಲೆಯೇ ಹಾಕಲ್ಲ.

ಇನ್ನೊಂದು ವ್ಯಾಪಾರದ ದಾರಿ. ದೊಡ್ಡ ಹೋಟೆಲ್, ದೊಡ್ಡ ಹೆಸರಿನವರು, ದುಬಾರಿ ಟಿಕೆಟ್. ಪ್ರಕಾಶನ ಸಂಸ್ಥೆ ಓರೈಲಿ 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪರ್ಲ್ ಭಾಷೆಗೆ ಸಮ್ಮೇಳನ ಶುರು ಮಾಡಿತು. ಸಮ್ಮೇಳನ ಚೆನ್ನಾಗಿಯೇ ಇತ್ತು. ಆದರೆ ಕಂಪನಿ ದುಡ್ಡು ಕೊಟ್ಟು ಕಳಿಸಿದವರಿಗೆ ಮಾತ್ರ ಎಟುಕುತ್ತಿತ್ತು. ವಿದ್ಯಾರ್ಥಿಗಳು ಅಷ್ಟು ದುಡ್ಡು ಎಲ್ಲಿಂದ ತರಬೇಕು?

ಇವೆರಡೂ ಬೇಡ ಅಂದ ಕೆಲವರು ಮೂರನೇ ದಾರಿ ಮಾಡಿಕೊಂಡರು. 1999ರಲ್ಲಿ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಕೆವಿನ್ ಲೆಂಜೊ ಅನ್ನುವವರು ಪರ್ಲ್‌ಗೆ ಬೇರೆಯದೇ ಸಮ್ಮೇಳನ ಮಾಡಿದರು. ಅದಕ್ಕೆ ಇಟ್ಟ ಹೆಸರಿನ ಅರ್ಥ 'ಮತ್ತೊಂದು ಪರ್ಲ್ ಸಮ್ಮೇಳನ'. ಚುಟುಕಾಗಿ 'ಯಾಪ್ಸಿ' ಅಂತಾರೆ. ಕಾಲೇಜಿನ ಹಾಲ್, ಸ್ವಯಂಸೇವಕರ ದುಡಿಮೆ, ಕಡಿಮೆ ದರದ ಟಿಕೆಟ್. ಮಾತಾಡುವವರು ಸಮುದಾಯದವರೇ.

ಅದೇ 1999ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರಸ್ಟಿ ರಸೆಲ್ ಅನ್ನೋ ಪ್ರೋಗ್ರಾಮರ್ ಲಿನಕ್ಸ್ ಬಳಸುವವರ ಸಮ್ಮೇಳನ ಮಾಡಿದರು. ಮುಂಗಡ ಖರ್ಚಿಗೆ ಬಳಸಿದ್ದು ಸ್ವಂತ ಕ್ರೆಡಿಟ್ ಕಾರ್ಡ್. ಊರಹಬ್ಬಕ್ಕೆ ನಾಟಕ ಆಡಿಸೋಕೆ ಕೈಸಾಲ ಮಾಡಿದವರು ನಮ್ಮಲ್ಲೂ ಇದ್ದಾರಲ್ಲ, ಅಂಥದ್ದೇ ಹುಚ್ಚು. ಅದು ಮುಂದೆ ಲಿನಕ್ಸ್ ಡಾಟ್ ಕಾಂಫ್ ಡಾಟ್ ಎಯು ಅಂತ ಹೆಸರಾಯಿತು. 2000ದಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ಇನ್ನೊಂದು ಶುರುವಾಯಿತು, ಈಗ ಅದರ ಹೆಸರು ಫಾಸ್ಡೆಮ್. ಇಂದಿಗೂ ಅಲ್ಲಿ ಟಿಕೆಟ್ ಇಲ್ಲ, ಹೆಸರು ನೋಂದಣಿಯೂ ಇಲ್ಲ. ಒಂದೊಂದು ವಿಷಯಕ್ಕೆ ಒಂದೊಂದು ಕೋಣೆ, ಪ್ರತಿ ಕೋಣೆಯವರೂ ತಮ್ಮದೇ ಕರೆ ಹೊರಡಿಸಿ ಪ್ರಸ್ತಾವ ತರಿಸಿಕೊಳ್ತಾರೆ.

ಪೈಥಾನ್‌ನವರು 2003ರಲ್ಲಿ ವಾಷಿಂಗ್ಟನ್ನಿನ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮೊದಲ 'ಪೈಕಾನ್' ಮಾಡಿದರು. ಸ್ಟೀವ್ ಹೋಲ್ಡನ್ ಮುಂದಾಳು. ಅದೂ ಸ್ವಯಂಸೇವಕರದೇ. ಅಲ್ಲಿ ಬಹಳ ವರ್ಷ ಒಂದು ನಿಯಮ ಇತ್ತು. ಎಲ್ಲರೂ ಟಿಕೆಟ್ ದುಡ್ಡು ಕೊಡಬೇಕು, ವೇದಿಕೆ ಮೇಲೆ ಮಾತಾಡುವವರೂ ಕೊಡಬೇಕು, ಸಮ್ಮೇಳನ ನಡೆಸುವವರೂ ಕೊಡಬೇಕು. ಕೈಲಾಗದವರಿಗೆ ಬೇರೆ ನೆರವಿನ ನಿಧಿ ಇತ್ತು. ಶಾಲು ಹಾರ ಇಲ್ಲ, ಮುಂದಿನ ಸಾಲಿನ ಸೋಫಾ ಇಲ್ಲ. ನಮಗೆ ಇದು ವಿಚಿತ್ರ ಅನ್ನಿಸಬಹುದು.

ಪ್ರಬಂಧದ ಜಾಗಕ್ಕೆ ಅರ್ಧ ಪುಟ

ಇಂಥ ಸಮ್ಮೇಳನಗಳು ವಿಶ್ವವಿದ್ಯಾಲಯದಿಂದ ಒಂದು ವಿಷಯ ತಗೊಂಡವು, ಎಲ್ಲರಿಗೂ ಕರೆ ಕೊಟ್ಟು, ಬಂದದ್ದನ್ನು ಓದಿ ಆರಿಸೋದು. ಹತ್ತು ಪುಟದ ಪ್ರಬಂಧ ಮಾತ್ರ ಕೈಬಿಟ್ಟವು. ಅದರ ಜಾಗಕ್ಕೆ ಬಂದದ್ದೇ ಅರ್ಧ ಪುಟ, ಒಂದು ಪುಟದ ಪ್ರಸ್ತಾವ.

ಅದರಲ್ಲಿ ಇರಬೇಕಾದ್ದು ಇಷ್ಟು. ಮಾತಿನ ಶೀರ್ಷಿಕೆ. ಏನು ಹೇಳ್ತೀರಿ ಅನ್ನೋ ನಾಲ್ಕೈದು ಸಾಲು. ಯಾವ ಭಾಗಕ್ಕೆ ಎಷ್ಟು ನಿಮಿಷ ಅನ್ನೋ ಲೆಕ್ಕ. ಕೇಳುವವರು ಯಾರು, ಅವರಿಗೆ ಮೊದಲೇ ಏನು ಗೊತ್ತಿರಬೇಕು. ಕೊನೆಗೆ ನಿಮ್ಮ ಪರಿಚಯ ಎರಡು ಸಾಲು. ಜಾತಿ ಪ್ರಮಾಣಪತ್ರ ಬೇಡ, ಮಾರ್ಕ್ಸ್ ಕಾರ್ಡ್ ಬೇಡ, ಗೆಜೆಟೆಡ್ ಅಧಿಕಾರಿಯ ಸಹಿ ಬೇಡ.

ಆದರೂ ಅರ್ಧ ಗಂಟೆ ವೇದಿಕೆ ಮೇಲೆ ನಿಲ್ಲೋದು ಎಂದರೆ ಎಷ್ಟೋ ಜನಕ್ಕೆ ಕೈಕಾಲು ನಡುಗುತ್ತೆ. ಅದಕ್ಕೂ ಒಂದು ಉಪಾಯ ಯಾಪ್ಸಿಯಲ್ಲಿ ಕಾಣಿಸಿತು. 2000ದ ಸಮ್ಮೇಳನದಲ್ಲಿ ಮಾರ್ಕ್ ಜೇಸನ್ ಡೊಮಿನಸ್ ಅನ್ನುವವರು ಐದೈದು ನಿಮಿಷದ ಮಾತುಗಳ ಒಂದು ಸರಣಿ ಏರ್ಪಡಿಸಿದರು. ಅದಕ್ಕೆ 'ಲೈಟ್ನಿಂಗ್ ಟಾಕ್' ಅಂತ ಹೆಸರು ಬಂತು, ಮಿಂಚಿನ ಮಾತು ಅಂತ ಅನ್ನಬಹುದು. ಐದು ನಿಮಿಷ ಆದ ಕೂಡಲೇ ಇಳಿಯಬೇಕು, ಮುಂದಿನವರು ಹತ್ತಬೇಕು. ಮಾತು ಸಪ್ಪೆಯಾಗಿದ್ದರೆ ಐದೇ ನಿಮಿಷದ ಶಿಕ್ಷೆ. ಚೆನ್ನಾಗಿದ್ದರೆ ಊಟದ ಹೊತ್ತಲ್ಲಿ ಜನ ಹುಡುಕಿಕೊಂಡು ಬರ್ತಾರೆ. ಇವತ್ತು ಜಗತ್ತಿನ ಎಷ್ಟೋ ಸಾಫ್ಟ್‌ವೇರ್ ಸಮ್ಮೇಳನಗಳಲ್ಲಿ ಈ ಪದ್ಧತಿ ಇದೆ. ಹೊಸಬರು ಮೊದಲು ಮೈಕ್ ಹಿಡಿಯೋದು ಹೆಚ್ಚಾಗಿ ಅಲ್ಲೇ.

ಆ ವರ್ಷದ ಸಮ್ಮೇಳನದ ಹೆಸರೂ ತಮಾಷೆಯದು, 'ಯಾಪ್ಸಿ 19100'. ನಮ್ಮಲ್ಲಿ ಹಳೇ ರಸೀದಿ ಪುಸ್ತಕಗಳಲ್ಲಿ ಇಸವಿ ಜಾಗದಲ್ಲಿ 19 ಅಂತ ಮೊದಲೇ ಅಚ್ಚಾಗಿ, ಮುಂದೆ ಎರಡು ಅಂಕಿ ಬರೆಯೋಕೆ ಜಾಗ ಬಿಟ್ಟಿರ್ತಿದ್ದರು, ನೆನಪಿದೆಯಾ? ಪರ್ಲ್ ಭಾಷೆ ಇಸವಿಯನ್ನು 1900ರಿಂದ ಎಣಿಸಿ ಕೊಡುತ್ತೆ. 1999 ಅಂದರೆ 99, 2000 ಅಂದರೆ 100. ಮೈಮರೆತ ಪ್ರೋಗ್ರಾಮರ್‌ಗಳು ಅದರ ಹಿಂದೆ 19 ಅಂಟಿಸಿಬಿಟ್ಟಿದ್ದರು. 2000 ಬಂದಾಗ ಕಂಪ್ಯೂಟರ್ ಪರದೆ ಮೇಲೆ 19100 ಅಂತ ಬಂತು. ತಮ್ಮವರ ತಪ್ಪನ್ನೇ ಸಮ್ಮೇಳನದ ಹೆಸರು ಮಾಡಿಕೊಂಡು ನಕ್ಕರು ಅವರು.

ಬೆಂಗಳೂರಿಗೆ ಬಂದ ಬಗೆ

1996ರಲ್ಲಿ ನಮ್ಮ ಹಳ್ಳಿಗಳಲ್ಲಿ ಫೋನೇ ಅಪರೂಪ. ಆಗ ಪಿಸಿ ಕ್ವೆಸ್ಟ್ ಅನ್ನೋ ಇಂಗ್ಲಿಷ್ ಪತ್ರಿಕೆ ತನ್ನ ಸಂಚಿಕೆಯ ಜೊತೆ ಲಿನಕ್ಸ್ ತುಂಬಿದ ಸಿಡಿ ಕೊಡಲು ಶುರು ಮಾಡಿತು. ಇಂಟರ್ನೆಟ್ ಇಲ್ಲದ ಊರಿನ ಹುಡುಗರ ಕೈಗೂ ಲಿನಕ್ಸ್ ಸಿಕ್ಕಿದ್ದು ಹಾಗೆ. ಆ ಕೆಲಸದ ಹಿಂದೆ ಇದ್ದವರಲ್ಲಿ ಮುಖ್ಯರು ಬೆಂಗಳೂರಿನ ಅತುಲ್ ಚಿಟ್ನಿಸ್.

2001ರಲ್ಲಿ ಅತುಲ್ ಮತ್ತು ಬೆಂಗಳೂರಿನ ಲಿನಕ್ಸ್ ಬಳಕೆದಾರರ ಗುಂಪಿನ ಗೆಳೆಯರು ಸೇರಿ 'ಲಿನಕ್ಸ್ ಬ್ಯಾಂಗಲೋರ್' ಸಮ್ಮೇಳನ ನಡೆಸಿದರು. ಜಾಗ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ. 2005ರಲ್ಲಿ ಅದರ ಹೆಸರು 'ಫಾಸ್ ಡಾಟ್ ಇನ್' ಆಯಿತು. ಲಿನಕ್ಸ್ ಒಂದೇ ಅಲ್ಲ, ಎಲ್ಲ ಮುಕ್ತ ತಂತ್ರಾಂಶವೂ ಅದರೊಳಗೆ ಬಂತು.

ಇಲ್ಲಿ ನಮಗೆ ಮುಖ್ಯವಾದ ಒಂದು ವಿಷಯ ಇದೆ. ಮೊದಲ ವರ್ಷಗಳಲ್ಲಿ 'ಲಿನಕ್ಸ್ ಎಂದರೇನು' ಅನ್ನೋ ಥರದ ಪರಿಚಯದ ಮಾತಿಗೆ ಬೇಡಿಕೆ ಇತ್ತು. ಬರಬರುತ್ತಾ ನಡೆಸುವವರು ಪಟ್ಟು ಬದಲಾಯಿಸಿದರು. ಬಳಸೋದು ಹೇಗೆ ಅಂತ ಹೇಳಿದ್ದು ಸಾಕು, ನೀವು ಏನು ಮಾಡಿದ್ದೀರಿ ಅದನ್ನು ಹೇಳಿ ಅಂದರು. ಒಟ್ಟಿಗೆ ಕೂತು ಕೋಡ್ ಬರೆಯುವ 'ವರ್ಕೌಟ್' ಅನ್ನೋ ಅಧಿವೇಶನಗಳೂ ಬಂದವು. ಹೊಸಬರಿಗೆ ಇದು ಕಷ್ಟ ಅಂತ ಬೇಸರ ಆದವರಿದ್ದರು. ಆದರೆ ಈ ಮಾತಿನಲ್ಲಿ ನಮ್ಮಂಥವರಿಗೆ ಒಂದು ಲಾಭವೂ ಇದೆ. ದೊಡ್ಡ ಕಂಪನಿಯ ಹೆಸರು ಹೇಳಿಕೊಂಡು ಪುಸ್ತಕದಲ್ಲಿರೋದನ್ನೇ ಓದೋನಿಗಿಂತ, ಸಣ್ಣದೇ ಆದರೂ ಸ್ವಂತ ಕೈಯಾರೆ ಮಾಡಿದ್ದನ್ನು ಹೇಳೋನಿಗೆ ಬೆಲೆ ಬಂತು.

2012ರದ್ದೇ ಫಾಸ್ ಡಾಟ್ ಇನ್‌ನ ಕೊನೆಯ ಸಮ್ಮೇಳನ. 2013ರ ಜೂನ್‌ನಲ್ಲಿ ಅತುಲ್ ಚಿಟ್ನಿಸ್ ತೀರಿಕೊಂಡರು.

ಅಷ್ಟರಲ್ಲಿ ಬೇರೆ ಸಮ್ಮೇಳನಗಳು ಬೆಳೆದಿದ್ದವು. 2009ರ ಸೆಪ್ಟೆಂಬರ್‌ನಲ್ಲಿ ಮೊದಲ ಪೈಕಾನ್ ಇಂಡಿಯಾ ನಡೆಯಿತು, ಅದೂ ಅದೇ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ. ಅದನ್ನು ಕಟ್ಟಿದವರಲ್ಲಿ ಒಬ್ಬರು ಕೆನೆತ್ ಗೊನ್ಸಾಲ್ವಿಸ್. ಇವರು ಇದ್ದದ್ದು ಬೆಂಗಳೂರಿನಲ್ಲಲ್ಲ, ಊಟಿಯಲ್ಲಿ. 2012ರಲ್ಲಿ ಅವರು ತೀರಿಕೊಂಡ ಮೇಲೆ ಸಮುದಾಯಕ್ಕೆ ದುಡಿದವರಿಗೆ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡ್ತಾ ಬಂದಿದ್ದಾರೆ. ಮಹಾನಗರದಲ್ಲಿ ಇರದಿದ್ದರೂ ಇಂಥ ಕೂಟದ ಬೆನ್ನೆಲುಬು ಆಗಬಹುದು ಅನ್ನೋದಕ್ಕೆ ನಾನು ಅವರ ಹೆಸರನ್ನೇ ಹೇಳೋದು.

ಪೈಕಾನ್ ಇಂಡಿಯಾ ಆಮೇಲೆ ಪುಣೆ, ದೆಹಲಿ, ಹೈದರಾಬಾದ್, ಚೆನ್ನೈ ಸುತ್ತಿತು. ಕೊರೋನಾ ಬಂದಾಗ 2020ರಲ್ಲಿ ಆನ್‌ಲೈನ್ ಆಯಿತು. 2024ರಲ್ಲಿ ಮತ್ತೆ ಬೆಂಗಳೂರಿಗೆ ಬಂತು. 2023ರಲ್ಲಿ ಡೆಬಿಯನ್ ಅನ್ನೋ ಜಾಗತಿಕ ಸಮುದಾಯದ ಸಮ್ಮೇಳನ ಪಕ್ಕದ ಕೇರಳದ ಕೊಚ್ಚಿಯಲ್ಲೇ ನಡೆಯಿತು. ಬೆಂಗಳೂರಿನಲ್ಲಿ ಫಾಸ್ ಯುನೈಟೆಡ್‌ನವರು ಇಂಡಿಯಾಫಾಸ್ ಸಮ್ಮೇಳನ ಮಾಡ್ತಾ ಬಂದಿದ್ದಾರೆ.

ಇವುಗಳಲ್ಲಿ ಹಲವು ಇನ್ನೊಂದು ಹೆಜ್ಜೆ ಮುಂದೆ ಹೋದವು. ಬಂದ ಪ್ರಸ್ತಾವಗಳನ್ನು ಮುಚ್ಚಿಡದೆ ಎಲ್ಲರೂ ನೋಡುವ ಹಾಗೆ ಇಟ್ಟವು. ಬೆಂಗಳೂರಿನ ಹ್ಯಾಸ್‌ಗೀಕ್‌ನವರು ಇದನ್ನು ಮಾಡಿದರು. ಪೈಕಾನ್ ಇಂಡಿಯಾದವರು ಇದಕ್ಕಾಗಿ 'ಜಂಕ್ಷನ್' ಅನ್ನೋ ತಂತ್ರಾಂಶವನ್ನೇ ಬರೆದುಕೊಂಡರು, ಅದೂ ಮುಕ್ತ ತಂತ್ರಾಂಶ. ಯಾರು ಏನು ಕಳಿಸಿದ್ದಾರೆ ಅಂತ ನೀವು ಓದಬಹುದು, ಕೆಳಗೆ ಪ್ರಶ್ನೆ ಕೇಳಬಹುದು. ಗ್ರಾಮಸಭೆಯಲ್ಲಿ ಫಲಾನುಭವಿಗಳ ಪಟ್ಟಿಯನ್ನು ಗೋಡೆಗೆ ಅಂಟಿಸಬೇಕು ಅಂತ ನಾವು ಜಗಳ ಆಡ್ತೀವಲ್ಲ, ಅಂಥದ್ದೇ.

ಬಾಗಿಲು ತೆರೆದರೆ ಸಾಕಾ?

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ.

ಯಾರು ಬೇಕಾದರೂ ಅರ್ಜಿ ಹಾಕಬಹುದು ಅಂತ ಇತ್ತು. ಆದರೂ ಅಮೆರಿಕದ ಪೈಕಾನ್‌ನಲ್ಲಿ 2011ರಲ್ಲಿ ಮಾತಾಡಿದವರಲ್ಲಿ ಹೆಂಗಸರು ನೂರಕ್ಕೆ ಒಬ್ಬರು. ಬಾಗಿಲಿಗೆ ಬೀಗ ಇರಲಿಲ್ಲ, ಆದರೆ ಒಳಗೆ ಬಂದವರು ಇಲ್ಲ. ಯಾಕೆ?

ಇದು ನಮ್ಮ ಹುಡುಗಿ ಕೇಳಿದ ಪ್ರಶ್ನೆಯ ಇನ್ನೊಂದು ಮುಖ. ಶಿಫಾರಸು ಬೇಡ ಅನ್ನೋದು ಒಳಗಿರುವವರಿಗೆ ಗೊತ್ತು. ಹೊರಗಿರುವವರಿಗೆ ಅದನ್ನು ಯಾರೂ ಹೇಳಿರಲ್ಲ. 'ಇದು ನಮ್ಮಂಥವರಿಗಲ್ಲ' ಅಂತ ಮೊದಲೇ ತೀರ್ಮಾನ ಮಾಡಿಕೊಂಡಿರ್ತಾರೆ.

ಅಲ್ಲಿನವರು ಸುಮ್ಮನೆ ಕೂರಲಿಲ್ಲ. ಜೆಸ್ಸಿಕಾ ಮೆಕೆಲ್ಲರ್ ಮತ್ತಿತರರು ಒಬ್ಬೊಬ್ಬರನ್ನೇ ಮಾತಾಡಿಸಿ, 'ನೀವು ಮಾಡಿರೋ ಈ ಕೆಲಸದ ಬಗ್ಗೆ ಪ್ರಸ್ತಾವ ಕಳಿಸಿ' ಅಂತ ಕೇಳಿಕೊಂಡರು. ಬರೆಯಲು ಗೊತ್ತಾಗದವರ ಕರಡು ತಿದ್ದಿಕೊಟ್ಟರು. ಜೆಸ್ಸಿಕಾ ಹೇಳಿರುವ ಲೆಕ್ಕ ಹೀಗಿದೆ. 2011ರಲ್ಲಿ ನೂರಕ್ಕೆ 1 ಇದ್ದದ್ದು 2012ರಲ್ಲಿ 7, 2013ರಲ್ಲಿ 15, 2014 ಮತ್ತು 2015ರಲ್ಲಿ 33, 2016ರಲ್ಲಿ 40 ಆಯಿತು. ಐದು ವರ್ಷದಲ್ಲಿ ಹೆಂಗಸರ ಬುದ್ಧಿವಂತಿಕೆ ನಲವತ್ತು ಪಟ್ಟು ಬೆಳೆಯಲಿಲ್ಲ. ಯಾರೋ ಹೋಗಿ ಕರೆದರು, ಅಷ್ಟೇ.

ಜರ್ಮನಿಯ ಬರ್ಲಿನ್‌ನಲ್ಲಿ ನಡೆಯುತ್ತಿದ್ದ ಜೆಎಸ್‌ಕಾನ್ಫ್ ಇಯು ಸಮ್ಮೇಳನದವರು ಕರೆಯೋದರ ಜೊತೆ ಇನ್ನೊಂದು ಕೆಲಸ ಮಾಡಿದರು. ಪ್ರಸ್ತಾವದಿಂದ ಹೆಸರು ತೆಗೆದು ಓದಿದರು. ಎಸ್ಎಸ್ಎಲ್‌ಸಿ ಪೇಪರ್ ತಿದ್ದುವವರಿಗೆ ಮಗುವಿನ ಹೆಸರು ಕಾಣಲ್ಲ ನೋಡಿ, ಹಾಗೆ. 2012ರಲ್ಲಿ ಅವರ ವೇದಿಕೆ ಹತ್ತಿದವರಲ್ಲಿ ನೂರಕ್ಕೆ 25 ಹೆಂಗಸರು.

ಹೆಸರು ಮುಚ್ಚಿದರೆ ಪಕ್ಷಪಾತ ಕಡಿಮೆಯಾಗುತ್ತೆ. ಆದರೆ ಅರ್ಜಿಯೇ ಹಾಕದವರನ್ನು ಅದು ಕರೆತರಲ್ಲ. ಎರಡೂ ಬೇಕು.

ನಮ್ಮ ರಾಜ್ಯದಲ್ಲಿ ಈ ಲೆಕ್ಕವನ್ನು ಊರಿನ ಪ್ರಕಾರ ಹಾಕಿ ನೋಡಬೇಕು ಅನ್ನಿಸುತ್ತೆ ನನಗೆ. ವೇದಿಕೆ ಇರೋದು ಬೆಂಗಳೂರಲ್ಲಿ. ಮಾತು ಹೆಚ್ಚಾಗಿ ಇಂಗ್ಲಿಷ್‌ನಲ್ಲಿ. ಬಸ್ ಚಾರ್ಜು, ಒಂದು ರಾತ್ರಿ ಉಳಿಯೋ ಜಾಗ, ಹೆಣ್ಣುಮಗು ಒಬ್ಬಳೇ ಹೋಗೋದು ಹೇಗೆ ಅನ್ನೋ ಮನೆಯವರ ಆತಂಕ, ಇವು ಯಾವುದಕ್ಕೂ ಪ್ರಸ್ತಾವದ ಫಾರಂನಲ್ಲಿ ಜಾಗ ಇಲ್ಲ. ಕೆಲವು ಸಮ್ಮೇಳನಗಳು ಪ್ರಯಾಣಕ್ಕೆ ನೆರವು ಕೊಡ್ತವೆ. ಅದಕ್ಕೆ ಬೇರೆ ಅರ್ಜಿ ಇರುತ್ತೆ, ಅದರ ಕೊನೆಯ ದಿನಾಂಕವೂ ಬೇರೆ ಇರಬಹುದು. ಅದನ್ನು ಕೇಳಿ ತಿಳಿದುಕೊಳ್ಳಬೇಕು. ಕೇಳೋದರಲ್ಲಿ ನಾಚಿಕೆ ಪಡೋದು ಬೇಡ, ಆ ನಿಧಿ ಇಟ್ಟಿರೋದೇ ಅದಕ್ಕೆ.

ಚೀಟಿ ಡಬ್ಬಿಯ ಪ್ರಸ್ತಾವ

ಮತ್ತೆ ನಮ್ಮ ಹುಡುಗಿಯ ವಿಷಯಕ್ಕೆ ಬರ್ತೀನಿ.

ಅವಳು ಮೊದಲು ಬರೆದ ಕರಡು ಪರೀಕ್ಷೆಯ ಉತ್ತರದ ಹಾಗಿತ್ತು. 'ಪೈಥಾನ್ ಒಂದು ಪ್ರೋಗ್ರಾಮಿಂಗ್ ಭಾಷೆ. ಇದು 1991ರಲ್ಲಿ ಬಿಡುಗಡೆಯಾಯಿತು. ಇದರ ಉಪಯೋಗಗಳು ಈ ಕೆಳಗಿನಂತಿವೆ.' ಐದು ಅಂಕಕ್ಕೆ ಐದು ಪಾಯಿಂಟ್. ಹಸುವೂ ಇಲ್ಲ, ಡೇರಿಯೂ ಇಲ್ಲ, ಅಮ್ಮನೂ ಇಲ್ಲ.

ನನಗೆ ಪೈಥಾನ್ ಗೊತ್ತಿಲ್ಲ. ಸುದ್ದಿ ಬರೆಯೋದು ಗೊತ್ತು. "ಪೈಥಾನ್ ಸಮ್ಮೇಳನಕ್ಕೆ ಬಂದೋರಿಗೆ ಪೈಥಾನ್ ಅಂದ್ರೇನು ಅಂತ ಯಾಕಮ್ಮಾ ಹೇಳ್ತೀಯಾ? ನಿನಗೆ ಮಾತ್ರ ಗೊತ್ತಿರೋದು ಏನು ಅದನ್ನ ಹೇಳು" ಅಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು. ಚೀಟಿಯ ಅಕ್ಷರ ಒಂದು ವಾರದಲ್ಲಿ ಮಾಸಿಹೋಗುತ್ತೆ. ಅಮ್ಮ 'ಮೂರೂವರೆ' ಅನ್ನೋದನ್ನು ಪ್ರೋಗ್ರಾಂ 3.5 ಅಂತ ತಗೋಬೇಕು. ಎರಡು ಚೀಟಿ ಕಳೆದುಹೋದರೆ ವಾರದ ಲೆಕ್ಕ ಏನು ಮಾಡೋದು. ಮೊದಲು ಇಂಗ್ಲಿಷ್‌ನಲ್ಲಿ ತೋರಿಸಿದಾಗ ಅಮ್ಮ ಪರದೆ ನೋಡಲೇ ಇಲ್ಲ, ಕನ್ನಡಕ್ಕೆ ಬದಲಾಯಿಸಿದ ದಿನ ತಾವೇ ಕೇಳಿ ನೋಡಿದರು.

"ಇದೇ ಬರಿ" ಅಂದೆ.

ಎರಡನೇ ಕರಡಿಗೆ 'ಬಿಸ್ಕತ್ತಿನ ಡಬ್ಬಿಯಿಂದ ವಾರದ ಲೆಕ್ಕ' ಅಂತ ಶೀರ್ಷಿಕೆ ಇಟ್ಟಳು. ಮೊದಲ ಐದು ನಿಮಿಷ ಡಬ್ಬಿಯ ಕಥೆ, ಆಮೇಲೆ ಎಂಟು ನಿಮಿಷ ಕಳೆದುಹೋದ ಚೀಟಿಯ ಸಮಸ್ಯೆ, ಏಳು ನಿಮಿಷ ಕನ್ನಡದ ಅಂಕಿ ಮತ್ತು ಮಾತು, ಐದು ನಿಮಿಷ ಕೆಲಸ ಮಾಡದೇ ಹೋದ ಪ್ರಯತ್ನಗಳು, ಉಳಿದದ್ದು ಪ್ರಶ್ನೋತ್ತರಕ್ಕೆ. ಇಂಗ್ಲಿಷ್ ಸಾಲುಗಳನ್ನು ಅವಳ ಹಳೇ ಮೇಷ್ಟ್ರೊಬ್ಬರು ನೋಡಿಕೊಟ್ಟರು. ಕೊನೆಯ ದಿನ ರಾತ್ರಿ ಸಿಗ್ನಲ್ ಸಿಗದೆ ಮಹಡಿ ಹತ್ತಿ ಕಳಿಸಿದಳು. ಅವರಮ್ಮ ಕೆಳಗಿನಿಂದ "ಹೋಯ್ತೇನೇ?" ಅಂತ ಕೇಳ್ತಾನೇ ಇದ್ದರು.

ಆಯ್ಕೆ ಆಗಲಿಲ್ಲ.

ಬಹಳ ಬೇಜಾರು ಮಾಡಿಕೊಂಡಳು. ಆಗ ನಾನು ಓದಿದ್ದನ್ನು ಅವಳಿಗೆ ಹೇಳಿದೆ. ಅಮೆರಿಕದ ಪೈಕಾನ್‌ನವರು ಒಂದು ಕಾಲಕ್ಕೆ ಎರಡು ಸುತ್ತು ಆಯ್ಕೆ ಮಾಡ್ತಿದ್ದರು. ಮೊದಲ ಸುತ್ತಿನಲ್ಲಿ ಪ್ರತಿ ಪ್ರಸ್ತಾವವನ್ನೂ ಅದರಷ್ಟಕ್ಕೆ ತೂಗುತ್ತಿದ್ದರು. ಎರಡನೇ ಸುತ್ತಿಗೆ ತಮಾಷೆಯಾಗಿ 'ಥಂಡರ್‌ಡೋಮ್' ಅಂತ ಕುಸ್ತಿ ಅಖಾಡದ ಹೆಸರಿಟ್ಟಿದ್ದರು. ಒಂದೇ ಥರದ ಪ್ರಸ್ತಾವಗಳನ್ನು ಪಕ್ಕಪಕ್ಕ ಇಟ್ಟು ಒಂದೋ ಎರಡೋ ಆರಿಸೋದು. ಅಲ್ಲಿ ಒಳ್ಳೆಯ ಪ್ರಸ್ತಾವವೂ ಬಿದ್ದುಹೋಗುತ್ತೆ, ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಇತ್ತು ಅನ್ನೋ ಕಾರಣಕ್ಕೆ. ಆಯ್ಕೆ ಆಗಲಿಲ್ಲ ಅಂದರೆ ಫೇಲ್ ಅಂತಲ್ಲ.

ಅವಳಿಗೆ ಬಂದ ಪತ್ರದಲ್ಲಿ ಎರಡು ಸಾಲು ಸಲಹೆಯೂ ಇತ್ತು. ಒಂದೇ ಮನೆಯ ಅನುಭವ ಸಾಲದು, ಇನ್ನೂ ಕೆಲವು ಮನೆಯವರು ಬಳಸಿದ್ದರೆ ಏನಾಯಿತು ಅಂತ ಸೇರಿಸಿ, ಮುಂದಿನ ಸಲ ಮತ್ತೆ ಕಳಿಸಿ ಅಂತ. ನಾನು ಅದನ್ನು ಎರಡು ಸಲ ಓದಿದೆ. ಕವಿಗೋಷ್ಠಿಯವರು ನನಗೆ ಇಂಥ ಎರಡು ಸಾಲು ಬರೆದಿದ್ದರೆ ಇವತ್ತಿಗೂ ಪದ್ಯ ಬರೀತಿದ್ದೆನೋ ಏನೋ.

ಈಗ ಅವಳು ಬೀದಿಯ ಐದು ಮನೆಗಳ ಚೀಟಿ ಸೇರಿಸ್ತಿದ್ದಾಳೆ. ಒಬ್ಬ ಅಜ್ಜಿ ಚೀಟಿಯನ್ನು ಎಲೆಅಡಿಕೆ ಚೀಲದಲ್ಲಿ ಇಟ್ಟು ಕೆಂಪಗೆ ಮಾಡಿಕೊಡ್ತಾರಂತೆ. ಅದನ್ನು ಓದೋದು ಹೇಗೆ ಅನ್ನೋದೇ ಈಗಿನ ಸಮಸ್ಯೆ.

ನಿಮ್ಮ ಮನೆಯಲ್ಲೂ ಯಾರಾದರೂ ಇದ್ದರೆ

ನಿಮ್ಮ ಮಗ, ಮಗಳು, ತಮ್ಮ, ತಂಗಿ ಐಟಿಐ, ಡಿಪ್ಲೊಮಾ, ಬಿಸಿಎ, ಇಂಜಿನಿಯರಿಂಗ್ ಯಾವುದಾದರೂ ಓದುತ್ತಾ ಏನಾದರೂ ಸಣ್ಣದು ಮಾಡಿದ್ದರೆ ಈ ಕಥೆ ಅವರಿಗೆ ಹೇಳಿ. ಪ್ರಸ್ತಾವಕ್ಕೆ ಕರೆ ಬರೋದು ಸಮ್ಮೇಳನಕ್ಕೆ ಕೆಲವು ತಿಂಗಳು ಮುಂಚೆ, ಹಾಗಾಗಿ ಕಣ್ಣಿಟ್ಟಿರಬೇಕು. ಹಿಂದಿನ ವರ್ಷದ ಪ್ರಸ್ತಾವಗಳು ಓದಲು ಸಿಗುವ ಕಡೆ ಆಯ್ಕೆಯಾದ ನಾಲ್ಕನ್ನು, ಆಯ್ಕೆಯಾಗದ ನಾಲ್ಕನ್ನು ಪಕ್ಕಪಕ್ಕ ಇಟ್ಟು ಓದಿ. ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. ಅರ್ಧ ಗಂಟೆ ಮಾತಾಡೋಕೆ ಭಯ ಆದರೆ ಐದು ನಿಮಿಷದ ಮಿಂಚಿನ ಮಾತಿಗೆ ಹೆಸರು ಕೊಡಿ. ಕರಡನ್ನು ಕಂಪ್ಯೂಟರ್ ಗೊತ್ತಿಲ್ಲದ ಒಬ್ಬರಿಗೆ ಓದಿ ಹೇಳಿ. ಅವರು 'ಆಮೇಲೆ ಏನಾಯ್ತು?' ಅಂತ ಕೇಳಿದರೆ ಕರಡು ಸರಿಯಾದ ದಾರಿಯಲ್ಲಿದೆ.

ಯಾರ ಕೈಲೂ ಹೇಳಿಸೋದು ಬೇಡ. ಆದರೆ ಕರಡು ತಿದ್ದೋಕೆ ಒಬ್ಬರು ಜೊತೆಗಿರಲಿ. ನಮ್ಮಲ್ಲಿ ಕೆಲವರು ಆ ಕೆಲಸಕ್ಕೆ ಸಿದ್ಧರಿದ್ದೇವೆ, ಕಳಿಸಿ.